ಒಲೆ ಬೇರೆ, ಓಲೆ ಬೇರೆ: ಜಪಾನಿನ ಎರಡು ‘ಬಶೊ’ಗಳು

ಪ್ರಶ್ನೆ: ನನಗೆ ಇಂಗ್ಲಿಷ್ ಪದಬಂಧ ಬಿಡಿಸುವ ಹುಚ್ಚು. ಮೊನ್ನೆ ಒಂದು ಸುಳಿವು ಬಂದಿತ್ತು: ‘ಹೈಕು ಕವಿತೆಗೂ ಸುಮೋ ಕುಸ್ತಿಗೂ ನಂಟಿರುವ ಜಪಾನಿ ಪದ, ಐದು ಅಕ್ಷರ.’ ಬಿ, ಎ, ಎಸ್, ಎಚ್, ಒ ಅಂತ ತುಂಬಿಸಿದೆ, ಸರಿಯಾಯಿತು. ಬಾಶೋ ಅನ್ನುವ ಹೈಕು ಕವಿಯ ಹೆಸರು ಕೇಳಿದ್ದೆ. ಸುಮೋ ಪಂದ್ಯಾವಳಿಗೂ ಅದೇ ಹೆಸರಂತೆ. ಕುಸ್ತಿಗೆ ಕವಿಯ ಹೆಸರಿಟ್ಟರೋ, ಇಲ್ಲಾ ಕವಿಯೇ ಪೈಲ್ವಾನನಾಗಿದ್ದನೋ? ಇದನ್ನು ಕನ್ನಡದಲ್ಲಿ ಸರಿಯಾಗಿ ಬರೆಯುವುದು ಹೇಗೆ?

ಉತ್ತರ: ಕವಿ ಪೈಲ್ವಾನನಾಗಿರಲಿಲ್ಲ. ಹೊಟ್ಟೆಯ ತೊಂದರೆ ಬೆನ್ನು ಬಿಡದ, ಕಾಲ್ನಡಿಗೆಯಲ್ಲಿ ಊರೂರು ಸುತ್ತಿದ ಮನುಷ್ಯ ಅವನು. ಕುಸ್ತಿಗೆ ಯಾರೂ ಅವನ ಹೆಸರನ್ನೂ ಇಡಲಿಲ್ಲ. ಇವು ಎರಡು ಬೇರೆ ಬೇರೆ ಪದಗಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮಾತ್ರ ಒಂದೇ ಥರ ಕಾಣುತ್ತವೆ.

ನಮ್ಮದೇ ಉದಾಹರಣೆ ಕೊಡುತ್ತೇನೆ. ‘ಒಲೆ’ ಮತ್ತು ‘ಓಲೆ’ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಎರಡೂ ಒ, ಎಲ್, ಇ. ಆಮೇಲೆ ಕನ್ನಡ ಬಾರದ ಯಾರೋ ಒಬ್ಬರು ‘ಅಡುಗೆಗೂ ಪತ್ರಕ್ಕೂ ನಂಟಿರುವ ಕನ್ನಡ ಪದ, ಮೂರು ಅಕ್ಷರ’ ಅಂತ ಸುಳಿವು ಕೊಟ್ಟರೆ ನಮಗೆ ನಗು ಬರುತ್ತದೆ, ಅಲ್ವಾ? ಜಪಾನಿಯರಿಗೂ ನಿಮ್ಮ ಪದಬಂಧದ ಸುಳಿವು ಹಾಗೇ ಕೇಳಿಸುತ್ತದೆ.

ಸುಮೋ ಪಂದ್ಯಾವಳಿ ‘ಬಶೊ’. ಕೊನೆಯ ಒ ಹ್ರಸ್ವ. ಕವಿ ‘ಬಶೋ’. ಕೊನೆಯ ಓ ದೀರ್ಘ. ದೇವನಾಗರಿಯಲ್ಲಿ ಹಿಂದಿ ಬರೆಯುವವರಿಗೆ ಈ ಎರಡನ್ನು ಬೇರೆ ಮಾಡಿ ತೋರಿಸುವುದು ಕಷ್ಟ, ಅವರ ಬಳಿ ಇರುವುದು ಒಂದೇ ಓ. ನಮ್ಮ ವರ್ಣಮಾಲೆಯಲ್ಲಿ ಒ, ಓ ಎರಡೂ ಪಕ್ಕಪಕ್ಕದಲ್ಲೇ ಕೂತಿವೆ. ಆದರೂ ನಾವು ತಪ್ಪು ಮಾಡುತ್ತೇವೆ, ಯಾಕೆಂದರೆ ಜಪಾನಿ ಹೆಸರುಗಳು ನಮಗೆ ಬರುವುದು ಇಂಗ್ಲಿಷ್ ಮೂಲಕ. ನೀವು ಬರೆದ ‘ಬಾಶೋ’ ಕೂಡ ಹಾಗೇ ಬಂದಿದ್ದು. ನಮ್ಮಲ್ಲಿ ಹಾಗೆ ಬರೆಯುವವರು ಜಾಸ್ತಿ ಜನ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. ಮೂಲದಲ್ಲಿ ಮೊದಲ ಅಕ್ಷರ ‘ಬ’, ‘ಬಾ’ ಅಲ್ಲ.

ಈಗ ಒಂದೊಂದಾಗಿ ನೋಡೋಣ.

ಹ್ರಸ್ವದ ‘ಬಶೊ’ ಬಹಳ ಸಾದಾ ಪದ. ಅರ್ಥ ‘ಜಾಗ’, ಅಷ್ಟೇ. ಬಸ್ ನಿಲ್ಲುವ ಜಾಗ, ಸಭೆ ನಡೆಯುವ ಜಾಗ, ಕುರ್ಚಿ ಇಡಲು ಜಾಗ, ಎಲ್ಲವೂ ಬಶೊ. ‘ಬ’ ಅನ್ನುವುದು ಜಪಾನಿಯ ಮನೆಮಾತು, ‘ಶೊ’ ಚೀನಾದಿಂದ ಬಂದ ಉಚ್ಚಾರ. ಎರಡಕ್ಕೂ ಜಾಗ ಅನ್ನುವುದೇ ಅರ್ಥ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದರೆ ನಾವು ಅರಿಸಮಾಸ ಅನ್ನುತ್ತೇವಲ್ಲ, ಇದು ಜಪಾನಿನ ಅರಿಸಮಾಸ ಅಂದುಕೊಳ್ಳಿ. (ನಿಶಿದ ಕಿತರೋ ಅನ್ನುವ ತತ್ವಜ್ಞಾನಿ 1926ರಲ್ಲಿ ಇದೇ ಪದವನ್ನು ತಲೆಬರಹ ಮಾಡಿಕೊಂಡು ಒಂದು ದೊಡ್ಡ ಪ್ರಬಂಧ ಬರೆದ. ಅದರೊಳಗೆ ಹೋದರೆ ನಾವಿಬ್ಬರೂ ವಾಪಸ್ ಬರುವುದಿಲ್ಲ, ಬಿಡಿ.)

ಜಾಗ ಅನ್ನುವ ಪದ ಪಂದ್ಯಾವಳಿ ಆಗಿದ್ದು ಹೇಗೆ ಅಂತ ಕೇಳಿದರೆ, ನಮ್ಮಲ್ಲಿ ‘ಕಣ’ ಆದ ಹಾಗೆ. ರಾಗಿ ತೆನೆ ಒಕ್ಕುವ ಜಾಗ ಕಣ. ಇವತ್ತು ‘ಚುನಾವಣಾ ಕಣ’ ಅಂದರೆ ಯಾರೂ ಹುಲ್ಲಿನ ಬಣವೆ ಹುಡುಕುವುದಿಲ್ಲ. ಸುಮೋ ಆಡುವ ಜಾಗ, ಆಮೇಲೆ ಆ ಜಾಗದಲ್ಲಿ ಆಡುವ ಅಷ್ಟೂ ದಿನಗಳು, ಆಮೇಲೆ ಆ ಇಡೀ ಪಂದ್ಯಾವಳಿ. ಪೈಲ್ವಾನನ ಬದುಕನ್ನು ವರ್ಷದಲ್ಲಿ ಲೆಕ್ಕ ಹಾಕುವುದಕ್ಕಿಂತ ಬಶೊಗಳಲ್ಲಿ ಲೆಕ್ಕ ಹಾಕುವುದೇ ಹೆಚ್ಚು. ‘ಹೋದ ಬಶೊದಲ್ಲಿ ಮೊಣಕಾಲು ಪೆಟ್ಟಾಯಿತು, ಈ ಬಶೊಗೆ ಇಳಿಯಲ್ಲ’ ಅನ್ನುವುದು ಅಲ್ಲಿನ ಸಾಮಾನ್ಯ ಮಾತು.

ಈಗ ವರ್ಷಕ್ಕೆ ಆರು ದೊಡ್ಡ ಬಶೊಗಳು. ಜನವರಿ, ಮೇ, ಸೆಪ್ಟೆಂಬರ್ ತಿಂಗಳಲ್ಲಿ ಟೋಕ್ಯೋದ ರ‍್ಯೋಗೊಕು ಪ್ರದೇಶದ ಕೊಕುಗಿಕನ್ ಅಂಕಣದಲ್ಲಿ, ಮಾರ್ಚ್‌ನಲ್ಲಿ ಓಸಕದಲ್ಲಿ, ಜುಲೈನಲ್ಲಿ ನಗೊಯದಲ್ಲಿ, ನವೆಂಬರ್‌ನಲ್ಲಿ ಫುಕುಒಕದಲ್ಲಿ. ಆರು ಆಗಿದ್ದು 1958ರಿಂದ. ಒಂದೊಂದು ಬಶೊ 15 ದಿನ, ಭಾನುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಮೇಲಿನ ಎರಡು ದರ್ಜೆಯವರು ದಿನಕ್ಕೊಂದರಂತೆ 15 ಕುಸ್ತಿ ಆಡಬೇಕು, ಕೆಳಗಿನವರಿಗೆ ಏಳೇ. ಹದಿನೈದು ಬೆಸ ಸಂಖ್ಯೆ ಅನ್ನುವುದರಲ್ಲೇ ಇದರ ಜೀವ ಇದೆ. ಎಂಟು ಗೆದ್ದರೆ ಪಟ್ಟಿಯಲ್ಲಿ ಮೇಲೆ, ಏಳಕ್ಕೆ ನಿಂತರೆ ಕೆಳಗೆ. ಕೊನೆಯ ದಿನ ಏಳು ಗೆಲುವು, ಏಳು ಸೋಲು ಇಟ್ಟುಕೊಂಡು ಅಂಕಣ ಹತ್ತುವವನ ಮುಖ ನೋಡಬೇಕು ನೀವು. ಪ್ರಶಸ್ತಿ ಗೆಲ್ಲುವವನ ಮುಖಕ್ಕಿಂತ ಅದನ್ನು ನೋಡುವುದೇ ನನಗೆ ಇಷ್ಟ.

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಹೋದರೆ ಅಂಗಳ ಖಾಲಿ. ಕೆಳದರ್ಜೆಯ ಹುಡುಗರು ಬಂದು, ಉಪ್ಪು ಎರಚುವ ಗೌರವವೂ ಇಲ್ಲದೆ, ಸರಸರ ಆಡಿ ಹೋಗುತ್ತಾರೆ. ದೊಡ್ಡವರು ಬರುವುದು ಮಧ್ಯಾಹ್ನ ಕಳೆದ ಮೇಲೆ. ಜೇಡಿಮಣ್ಣನ್ನು ಗಟ್ಟಿಯಾಗಿ ಬಡಿದು ಮಾಡಿದ ದಿಬ್ಬ, ಅದರ ಮೇಲೆ ಭತ್ತದ ಹುಲ್ಲಿನ ಸುತ್ತು, ಅಡ್ಡಗಲ 4.55 ಮೀಟರ್. ನಾಲ್ಕು ನಿಮಿಷ ಕೂರುವುದು, ಏಳುವುದು, ಉಪ್ಪು ಎರಚುವುದು, ಗುರಾಯಿಸುವುದು. ಕುಸ್ತಿ ಮಾತ್ರ ಹತ್ತು ಸೆಕೆಂಡಿನಲ್ಲಿ ಮುಗಿದುಹೋಗಬಹುದು. ಮೊದಲ ಸಲ ನೋಡಿದವರು ‘ಇಷ್ಟೇನಾ’ ಅನ್ನುತ್ತಾರೆ. ಮೂರನೇ ದಿನಕ್ಕೆ ಆ ನಾಲ್ಕು ನಿಮಿಷವೇ ರುಚಿಸಲು ಶುರುವಾಗುತ್ತದೆ.

ಅಂದ ಹಾಗೆ, ‘ಸುಮೋ’ ಪದದ ಓ ದೀರ್ಘ. ಇದನ್ನು ನಾವು ಕನ್ನಡದಲ್ಲಿ ಸರಿಯಾಗೇ ಬರೆಯುತ್ತೇವೆ. ಟಾಟಾ ಸುಮೋ ಗಾಡಿಗೂ ಈ ಕುಸ್ತಿಗೂ ಸಂಬಂಧವಿಲ್ಲ, ಅದು ಕಂಪನಿಯ ಸುಮಂತ್ ಮೂಳ್ಗಾಂವ್‌ಕರ್ ಅವರ ಹೆಸರಿನ ಮೊದಲಕ್ಷರಗಳಿಂದ ಬಂದಿದ್ದು. ಕಾಕತಾಳೀಯಗಳು ಒಂದಾ ಎರಡಾ.

ಇನ್ನು ದೀರ್ಘದ ‘ಬಶೋ’. ಅರ್ಥ ಕೇಳಿದರೆ ನಿಮಗೆ ಖುಷಿಯಾಗಬಹುದು: ಬಾಳೆ. ನಮ್ಮ ಹಿತ್ತಲ ಬಾಳೆಯ ಜಪಾನಿ ನೆಂಟ. ಹಣ್ಣು ತಿನ್ನಲು ಬರುವುದಿಲ್ಲ, ನೋಡಲು ಎಲೆ ಮಾತ್ರ ಚೆಂದ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ‘ಮೂಸಾ ಬಾಸ್ಜೂ’. ಆ ಬಾಸ್ಜೂ ಅನ್ನುವುದು ಇದೇ ಬಶೋ, ಯುರೋಪಿನವರ ಕೈಗೆ ಸಿಕ್ಕಿ ಹಾಗಾಗಿದೆ.

ಕವಿಯ ನಿಜ ಹೆಸರು ಮತ್ಸುಒ ಮುನೆಫುಸ. ಕಾಲ 1644ರಿಂದ 1694. ಊರು ಇಗ ಪ್ರಾಂತ್ಯದ ಉಎನೊ. ಎದೊಗೆ, ಅಂದರೆ ಇವತ್ತಿನ ಟೋಕ್ಯೋಗೆ ಬಂದ ಮೇಲೆ ‘ತೋಸೆಇ’ ಅಂತ ಕಾವ್ಯನಾಮ ಇಟ್ಟುಕೊಂಡಿದ್ದ. ಅದರ ಅರ್ಥ ಹಸಿರು ಪೀಚ್ ಕಾಯಿ, ಇನ್ನೂ ಮಾಗದ್ದು. 1680ರ ಚಳಿಗಾಲದಲ್ಲಿ ಊರಿನ ಗದ್ದಲ ಬಿಟ್ಟು ಸುಮಿದಾ ನದಿಯ ಆಚೆ ದಡದ ಫುಕಗವಕ್ಕೆ ಹೋಗಿ ಒಂದು ಗುಡಿಸಲಲ್ಲಿ ಇರತೊಡಗಿದ. ಮುಂದಿನ ವಸಂತದಲ್ಲಿ ರಿಕ ಅನ್ನುವ ಶಿಷ್ಯ ಒಂದು ಬಾಳೆ ಕಂದು ತಂದು ನೆಟ್ಟ. ಅದು ಚೆನ್ನಾಗಿ ಬಂತು. ಜನ ಅದನ್ನು ‘ಬಾಳೆ ಗುಡಿಸಲು’ ಅನ್ನತೊಡಗಿದರು. ಗುಡಿಸಲಿನ ಹೆಸರು ಯಜಮಾನನಿಗೂ ಅಂಟಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ‘ಹುಣಸೇಮರದ ಮನೆ ರಾಮಣ್ಣ’ ಅನ್ನುತ್ತೇವಲ್ಲ, ಹಾಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮಗೆ ಬಾಳೆ ಅಂದರೆ ಉಪಯೋಗ: ಎಲೆ ಊಟಕ್ಕೆ, ದಿಂಡು ಪಲ್ಯಕ್ಕೆ, ಹೂವು ಚಟ್ನಿಗೆ, ಕಂಬ ಮದುವೆ ಚಪ್ಪರಕ್ಕೆ, ನಾರು ಹೂ ಕಟ್ಟುವುದಕ್ಕೆ. ಈ ಕವಿಗೆ ಬಾಳೆ ಇಷ್ಟವಾಗಿದ್ದೇ ಅದು ಯಾವ ಕೆಲಸಕ್ಕೂ ಬಾರದ್ದು ಅಂತ. ಹೂವಿಗೆ ಆಡಂಬರವಿಲ್ಲ, ಕಾಂಡ ದಪ್ಪ ಇದ್ದರೂ ಕೊಡಲಿ ಹಾಕುವವರಿಲ್ಲ ಅಂತ ಅವನೇ ಬರೆದಿದ್ದಾನೆ. ಗಾಳಿಗೆ ಅದರ ಎಲೆ ಸೀಳಿ ಚಿಂದಿಯಾಗುತ್ತದಲ್ಲ, ನಮ್ಮಲ್ಲಿ ಅಂಥದ್ದನ್ನು ಊಟದ ಪಂಕ್ತಿಗೆ ಹಾಕುವುದಿಲ್ಲ, ಅವನು ಕೂತು ನೋಡಿದ್ದು ಆ ಸೀಳಿದ ಎಲೆಯನ್ನೇ.

1681ರ ಶರತ್ಕಾಲದಲ್ಲಿ ಬರೆದ ಒಂದು ಪದ್ಯ ಹೀಗೆ ಶುರುವಾಗುತ್ತದೆ: ‘ಬಶೋ ನೊವಕಿ ಶಿತೆ’. ಹೊರಗೆ ಬಿರುಗಾಳಿಗೆ ಬಾಳೆ ಬಡಿದುಕೊಳ್ಳುತ್ತಿದೆ, ಒಳಗೆ ಬೋಗುಣಿಗೆ ಮಳೆಹನಿ ತೊಟ್ಟಿಕ್ಕುವ ಸದ್ದು ಕೇಳುತ್ತಾ ಕೂತ ರಾತ್ರಿ. ಸೂರು ಸೋರುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವರ್ಷದ ಕೊನೆಗೆ ಎದೊದಲ್ಲಿ ಬಿದ್ದ ದೊಡ್ಡ ಬೆಂಕಿಯಲ್ಲಿ ಆ ಗುಡಿಸಲೂ ಸುಟ್ಟುಹೋಯಿತು. ಹೆಸರು ಉಳಿಯಿತು.

ಈ ಸಾಲನ್ನು ಸುಮ್ನೆ ತರಲಿಲ್ಲ. ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲೇ. ಹೈಕು ಅಂದರೆ 5-7-5 ಅಂತ ಎಲ್ಲರಿಗೂ ಗೊತ್ತು. ಆದರೆ ಎಣಿಸುವುದು ಏನನ್ನು? ಕನ್ನಡದಲ್ಲಿ ಹೈಕು ಬರೆಯುವ ಬಹಳ ಜನ ಅಕ್ಷರ ಎಣಿಸುತ್ತಾರೆ. ಜಪಾನಿಯರು ಎಣಿಸುವುದು ಮಾತ್ರೆಯನ್ನು, ಹೆಚ್ಚುಕಮ್ಮಿ ನಮ್ಮ ಛಂದಸ್ಸಿನ ಮಾತ್ರೆಯನ್ನೇ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು, ಗುರುವಿಗೆ ಎರಡು. ಹಾಗೇ ಹಾಕಿ ನೋಡಿ. ‘ಬಶೊ’: ಲಘು, ಲಘು, ಎರಡು ಮಾತ್ರೆ. ‘ಬಶೋ’: ಲಘು, ಗುರು, ಮೂರು ಮಾತ್ರೆ. ಜಪಾನಿಯರ ಕಿವಿಗೂ ಇದು ಎರಡು ಮತ್ತು ಮೂರೇ. ಅವರು ಬರೆಯುವಾಗ ದೀರ್ಘಕ್ಕೆ ಒಂದು ಅಕ್ಷರ ಜಾಸ್ತಿಯೇ ಹಾಕುತ್ತಾರೆ.

ಈಗ ಆ ಬಾಳೆ ಸಾಲು ಎಣಿಸಿ. ಬಶೋ ಮೂರು, ನೊವಕಿ ಮೂರು, ಶಿತೆ ಎರಡು. ಒಟ್ಟು ಎಂಟು. ಐದು ಇರಬೇಕಾದ ಕಡೆ ಎಂಟು! ಮುಂದಿನ ಎರಡು ಸಾಲು ಸರಿಯಾಗಿ ಏಳು, ಐದು. ಬಿರುಗಾಳಿ ಬಂದ ಸಾಲು ಮಾತ್ರ ಅಳತೆ ಮೀರಿ ಉಕ್ಕಿದೆ. ಇದು ಕಿವಿಗೆ ಬೀಳಬೇಕಾದರೆ ಬಶೋದ ಓ ಎಳೆಯಲೇಬೇಕು.

ಮಾತ್ರೆಯ ಹೋಲಿಕೆ ಇನ್ನೂ ದೂರ ಹೋಗುತ್ತದೆ. ಬಶೊದ ಕೊನೆಯ ದಿನಕ್ಕೆ ‘ಸೆನ್‌ಶೂರಕು’ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಗುರು, ಗುರು, ಲಘು, ಲಘು, ಆರು ಮಾತ್ರೆ. ಅವರ ಲೆಕ್ಕದಲ್ಲೂ ಆರೇ. ‘ನಿಪ್ಪೊನ್’ ನಮಗೂ ನಾಲ್ಕು, ಅವರಿಗೂ ನಾಲ್ಕು. ಒಂದು ಕಡೆ ಎಡವುತ್ತೇವೆ. ‘ತ್ಸು’ ಅವರಿಗೆ ಒಂದೇ ಅಕ್ಷರ, ಒತ್ತಕ್ಷರ ಅಲ್ಲ. ಹಾಗಾಗಿ ಅದರ ಹಿಂದಿನ ಅಕ್ಷರ ನಮ್ಮಲ್ಲಿ ಆಗುವಂತೆ ಗುರು ಆಗುವುದಿಲ್ಲ.

ಈ ತ್ಸು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಿಮ್ಮ ಪದಬಂಧದ ಸುಳಿವು ಪೂರ್ತಿ ಸುಳ್ಳಲ್ಲ ಅನ್ನುವ ಜಾಗಕ್ಕೆ ಬಂದೆವು. ಜನವರಿ ಪಂದ್ಯಾವಳಿಗೆ ‘ಹತ್ಸುಬಶೊ’ ಅನ್ನುತ್ತಾರೆ, ಮೊದಲ ಬಶೊ ಅಂತ. ಮೇ ತಿಂಗಳದ್ದು ‘ನತ್ಸುಬಶೊ’, ಬೇಸಿಗೆಯದ್ದು. ಸೆಪ್ಟೆಂಬರಿನದು ‘ಅಕಿಬಶೊ’. ಹೈಕು ಬರೆಯುವವರು ಋತುವನ್ನು ಸೂಚಿಸುವ ಪದಗಳ ಕೋಶ ಇಟ್ಟುಕೊಂಡಿರುತ್ತಾರೆ, ಈ ಬಶೊಗಳು ಅದರಲ್ಲಿ ಸೇರಿವೆ. ಹತ್ಸುಬಶೊ ನಾಲ್ಕು ಮಾತ್ರೆ. ಅದಕ್ಕೆ ಹೈಕುವಿನಲ್ಲಿ ಮಾತು ತುಂಡರಿಸಲು ಬಳಸುವ ‘ಯ’ ಸೇರಿಸಿದರೆ ಐದು, ಮೊದಲ ಸಾಲು ತಯಾರು. ಅಂದರೆ ಹೈಕುವಿಗೂ ಸುಮೋಗೂ ನಂಟಿರುವ ಪದ ಹ್ರಸ್ವದ ಬಶೊ ನಿಜವಾಗಿಯೂ ಹೌದು. ಕವಿಯಿಂದಾಗಿ ಅಲ್ಲ, ಅಷ್ಟೇ.

ಹಾಗಾದರೆ ಕವಿಗೂ ಕುಸ್ತಿಗೂ ಏನೂ ಇಲ್ಲವಾ? ಇದೆ. ‘ಸುಮೋ’ ಪದವೇ ಹೈಕುವಿನಲ್ಲಿ ಶರತ್ಕಾಲದ ಗುರುತು. ಹಿಂದೆ ಅರಮನೆಯಲ್ಲಿ ಚಾಂದ್ರಮಾನದ ಏಳನೇ ತಿಂಗಳಲ್ಲಿ ಸುಮೋ ಉತ್ಸವ ನಡೆಯುತ್ತಿತ್ತು, ಹಳೇ ಪಂಚಾಂಗದಲ್ಲಿ ಶರತ್ಕಾಲ ಶುರುವಾಗುವುದು ಆ ತಿಂಗಳಿಂದ. ನಮ್ಮ ಬಶೋ 1689ರಲ್ಲಿ ಉತ್ತರದ ಕಡೆ ದೊಡ್ಡ ಕಾಲ್ನಡಿಗೆ ಯಾತ್ರೆ ಮಾಡಿದ. ಅದರ ಕೊನೆಗೆ ತ್ಸುರುಗ ಬಂದರಿಗೆ ಬಂದ. ಹುಣ್ಣಿಮೆ ನೋಡಬೇಕು ಅಂತ ಬಂದವನಿಗೆ ಮಳೆ. ಆಗ ಬರೆದ:

ತ್ಸುಕಿ ನೊಮಿ ಕ
ಅಮೆ ನಿ ಸುಮೋ ಮೊ
ನಕರಿಕೆರಿ

‘ಚಂದ್ರನೊಬ್ಬನೇ ಅಲ್ಲ, ಈ ಮಳೆಗೆ ಸುಮೋನೂ ಇಲ್ಲದಂತಾಯಿತು.’ ಇಷ್ಟೇ ಪದ್ಯ. ಕ್ರಿಕೆಟ್ ನೋಡಲು ಹೋಗಿ ಮಳೆಗೆ ಸಿಕ್ಕಿಹಾಕಿಕೊಂಡವರಿಗೆ ವಿವರಣೆ ಬೇಕಿಲ್ಲ. ನಡುವಿನ ಸಾಲು ಎಣಿಸಿ: ಸುಮೋದ ಮೋ ಎಳೆದರೆ ಏಳು, ಎಳೆಯದಿದ್ದರೆ ಆರಕ್ಕೇ ನಿಲ್ಲುತ್ತದೆ.

ಆಗ ಕುಸ್ತಿ ಬಯಲಿನಲ್ಲೇ. ಆಮೇಲೆ ಎದೊದಲ್ಲಿ ದೊಡ್ಡ ಪಂದ್ಯಾವಳಿಗಳು ಬೆಳೆದಾಗಲೂ ಲೆಕ್ಕ ‘ಬಿಸಿಲಿನ ಹತ್ತು ದಿನ’. ಮಳೆ ಬಂದರೆ ಆ ದಿನ ಲೆಕ್ಕಕ್ಕಿಲ್ಲ, ಮುಂದಕ್ಕೆ. ವರ್ಷಕ್ಕೆ ಎರಡೇ ಬಶೊ. ಅದರ ಮೇಲೆ ಒಂದು ಹಳೇ ಚಾಟು ಪದ್ಯ ಇದೆ, ಹೈಕುವಿನದೇ ಅಳತೆ, ಆದರೆ ತಮಾಷೆಯದ್ದು, ಸೆನ್‌ರ್‍ಯೂ ಅನ್ನುತ್ತಾರೆ: ‘ಇಚಿನೆನ್ ಒ, ಹತ್ಸುಕ ದೆ ಕುರಸು, ಈ ಒತೊಕೊ’. ಇಪ್ಪತ್ತೇ ದಿನದಲ್ಲಿ ವರ್ಷ ಕಳೆಯುವ ಭಲೇ ಗಂಡಸು! ಈಗಿನವರಿಗೆ ಆರು ಬಶೊ, ತಲಾ 15 ದಿನ, ಒಟ್ಟು 90 ದಿನ. 1909ರಲ್ಲಿ ರ‍್ಯೋಗೊಕುವಿನ ಎಕೋಇನ್ ದೇವಾಲಯದ ಆವರಣದಲ್ಲಿ ಮೊದಲ ಕೊಕುಗಿಕನ್ ಕಟ್ಟಿ ಸೂರು ಹಾಕಿದ ಮೇಲೆ ಮಳೆಯ ನೆಪವೂ ಹೋಯಿತು.

ಬಶೋ ನಂತರದ ಕವಿಗಳಿಗೂ ಸುಮೋ ಬಹಳ ಇಷ್ಟ. ಬುಸೊನ್ ಬರೆದ ಒಂದು ಹೈಕು ನನಗೆ ಎಲ್ಲಕ್ಕಿಂತ ಮೆಚ್ಚು. ಸೋಲಬಾರದಿದ್ದ ಕುಸ್ತಿಯಲ್ಲಿ ಸೋತು ಬಂದವನು ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು ಅದನ್ನೇ ಹೇಳುತ್ತಿದ್ದಾನೆ. ಯಾರಿಗೆ ಅಂತ ಪದ್ಯದಲ್ಲಿಲ್ಲ. ಹೆಂಡತಿಗೇ ಇರಬೇಕು, ಬೇರೆ ಯಾರು ಕೇಳುತ್ತಾರೆ.

ಇನ್ನೊಂದು ನಂಟು ನೆಲದ್ದು. ಎದೊದಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಎತ್ತುವ ಸುಮೋಗೆ ಸರ್ಕಾರದ ಅಪ್ಪಣೆ ಸಿಕ್ಕಿದ್ದು 1684ರಲ್ಲಿ, ಫುಕಗವದ ತೊಮಿಒಕ ಹಚಿಮನ್ ಗುಡಿಯಲ್ಲಿ. ಫುಕಗವ, ನೋಡಿ! ಬಾಳೆ ಗುಡಿಸಲು ಇದ್ದಿದ್ದೂ ಅಲ್ಲೇ, ಕವಿ ಅಲ್ಲಿ ಬಾಳಿದ್ದೂ ಅದೇ ವರ್ಷಗಳಲ್ಲಿ. ಇವತ್ತಿಗೂ ಗುಡಿಸಲು ಇದ್ದ ಕಡೆಯಿಂದ ಕೊಕುಗಿಕನ್‌ಗೆ ನದಿ ಪಕ್ಕದಲ್ಲೇ ಅರ್ಧ ಗಂಟೆಯೊಳಗೆ ನಡೆದು ಹೋಗಬಹುದು.

ಆ ದಾರಿಯಲ್ಲೇ ನನ್ನ ಮರ್ಯಾದೆ ಹೋಗಿದ್ದು. ಜಪಾನಿ ಕಲಿತು ಮೂರು ವರ್ಷವಾಗಿತ್ತು, ಆಗಲೇ ಬೆಂಗಳೂರಿನಲ್ಲಿ ನಾಲ್ಕು ಜನಕ್ಕೆ ಕಲಿಸುತ್ತಲೂ ಇದ್ದೆ. ಏಪ್ರಿಲ್ ತಿಂಗಳು. ರ‍್ಯೋಗೊಕು ಸ್ಟೇಷನ್ನಿನಲ್ಲಿ ಇಳಿದು, ಅಂಗಡಿ ಮುಂದೆ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆ, ‘ಬಶೊ ಕಿನೆನ್‌ಕನ್ ದೊಕೊ ದೆಸು ಕಾ?’ ಬಶೋ ಸ್ಮಾರಕ ಭವನ ಎಲ್ಲಿದೆ ಅಂತ ಕೇಳಿದೆ ಅಂದುಕೊಂಡೆ. ಅವರಿಗೆ ಕೇಳಿಸಿದ್ದು ‘ಜಾಗದ ಸ್ಮಾರಕ ಭವನ’. ತಲೆ ಓರೆ ಮಾಡಿ ಯೋಚಿಸಿದರು. ಆಮೇಲೆ ಪಾಪ, ಕೊಕುಗಿಕನ್ ಕಡೆ ಕೈ ತೋರಿಸಿ, ‘ಈಗ ಬಶೊ ಇಲ್ಲಪ್ಪ, ಮುಂದಿನ ತಿಂಗಳು ಬಾ’ ಅಂದರು. ನನಗೆ ತಪ್ಪು ಹೊಳೆಯಲಿಲ್ಲ. ಕಪ್ಪೆಯ ಹೈಕು ಹೇಳಿದೆ, ‘ಫುರುಇಕೆ ಯ...’ ಹಳೇ ಕೊಳ, ಕಪ್ಪೆ ಹಾರುವ, ನೀರಿನ ಸದ್ದಿನ ಆ ಪದ್ಯ, ಅಲ್ಲಿ ಮಕ್ಕಳಿಗೂ ಬಾಯಿಪಾಠ. ಅಜ್ಜ ತೊಡೆ ತಟ್ಟಿಕೊಂಡು ‘ಓ, ಬಶೋಓಓ!’ ಅಂತ ಎಳೆದ ಎಳೆತ ಇನ್ನೂ ಕಿವಿಯಲ್ಲಿದೆ. ಉಳಿದ ಎರಡು ಸಾಲು ಅವರೇ ಹೇಳಿ, ಎದ್ದು ಬೀದಿ ಮೂಲೆಯವರೆಗೆ ಬಂದು ದಾರಿ ತೋರಿಸಿದರು.

ಕನ್ನಡದವನಾಗಿ ಈ ತಪ್ಪು ಮಾಡಬಾರದಿತ್ತು. ಆದರೆ ನಮ್ಮ ಮಾತಿನಲ್ಲಿ ಪದದ ಕೊನೆಗೆ ಹ್ರಸ್ವ ಒ ಬರುವುದು ಅಪರೂಪ. ಹೋಗೋ, ಬಾರೋ, ಯಾರೋ, ಎಲ್ಲವೂ ದೀರ್ಘ. ಹಾಗಾಗಿ ‘ಬಶೊ’ ಅಂತ ಬರೆದಿದ್ದರೂ ಓದುವಾಗ ಬಾಯಿ ತಾನಾಗಿ ಎಳೆಯುತ್ತದೆ. ನಾನು ಅದಕ್ಕೆ ಹೆದರಿ ಎರಡನ್ನೂ ಮೊಟಕು ಮಾಡುವ ಅಭ್ಯಾಸ ಮಾಡಿಕೊಂಡಿದ್ದೆ. ವಿದ್ಯಾರ್ಥಿಗಳಿಗೆ ಈಗ ಒಂದು ಉಪಾಯ ಹೇಳುತ್ತೇನೆ. ಜಪಾನಿ ಚಿತ್ರಲಿಪಿಯಲ್ಲಿ ಬಾಳೆಯ ಎರಡೂ ಅಕ್ಷರಗಳ ತಲೆಯ ಮೇಲೆ ಹುಲ್ಲಿನ ಗುರುತು ಇದೆ. ಜಾಗದ ಮೊದಲ ಅಕ್ಷರದ ಎಡಕ್ಕೆ ಮಣ್ಣಿನ ಗುರುತು ಇದೆ. ಹುಲ್ಲು ಬೆಳೆಯುತ್ತದೆ, ಅದಕ್ಕೆ ದೀರ್ಘ. ಮಣ್ಣು ಇದ್ದಷ್ಟೇ ಇರುತ್ತದೆ, ಅದಕ್ಕೆ ಹ್ರಸ್ವ.

ಬರೆಯುವ ವಿಷಯಕ್ಕೆ ಬಂದರೆ, ಕವಿಗೆ ‘ಬಶೋ’, ಪಂದ್ಯಾವಳಿಗೆ ‘ಬಶೊ’ ಅಂತ ಬರೆಯಿರಿ. ಮತ್ತೆ ಒಂದು ಸಮಾಧಾನ: ಕನ್ನಡ ಪದಬಂಧ ಮಾಡುವ ಯಾರೂ ನಿಮಗೆ ಈ ಸುಳಿವು ಕೊಡಲು ಆಗುವುದಿಲ್ಲ. ಮನೆಗಳೇನೋ ಎರಡೇ, ಮೊದಲ ಮನೆಗೆ ‘ಬ’ ಅಂತಲೂ ಗೊತ್ತು. ಎರಡನೇ ಮನೆಗೆ ಬಂದಾಗ ಪೆನ್ಸಿಲ್ ನಿಲ್ಲುತ್ತದೆ.